ಬೆಳೆದ ಮಕ್ಕಳು ಯಾರ ರಿಟರ್ನ್‌ನಲ್ಲಿ? ಅಮೆರಿಕದ ತೆರಿಗೆಯಲ್ಲಿ ಐನೂರು ಡಾಲರ್‌ಗಿಂತ ದೊಡ್ಡ ಲೆಕ್ಕ

ಫೆಬ್ರುವರಿ ಮುಗಿಯುವಷ್ಟರಲ್ಲಿ ಬೇಸಿಗೆ ಇಂಟರ್ನ್‌ಶಿಪ್ ಮಾಡಿದ ಕಂಪನಿಯ ಡಬ್ಲ್ಯೂ-2 (ವರ್ಷದ ಸಂಬಳ ಮತ್ತು ತೆರಿಗೆ ಕಡಿತದ ಪತ್ರ) ಮಗನ ಕೈ ಸೇರಿರುತ್ತದೆ. ಹಾಸ್ಟೆಲ್ ಕೋಣೆಯಲ್ಲಿ ಕೂತು, ಫೋನಿನಲ್ಲೇ ಯಾವುದೋ ಉಚಿತ ಸಾಫ್ಟ್‌ವೇರ್ ತೆರೆದು, ಇಪ್ಪತ್ತು ನಿಮಿಷದಲ್ಲಿ ರಿಟರ್ನ್ ಕಳಿಸಿಬಿಡುತ್ತಾನೆ. ‘ನಿಮ್ಮನ್ನು ಬೇರೆ ಯಾರಾದರೂ ಡಿಪೆಂಡೆಂಟ್ (ಅವಲಂಬಿತ) ಎಂದು ತೋರಿಸಲು ಸಾಧ್ಯವೇ?’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಒತ್ತಿದ್ದು ಅವನಿಗೆ ನೆನಪೂ ಇರುವುದಿಲ್ಲ. ಏಪ್ರಿಲ್ ಎರಡನೇ ವಾರ ಅಪ್ಪ-ಅಮ್ಮ ತಮ್ಮ ಜಂಟಿ ರಿಟರ್ನ್ ಕಳಿಸಿದರೆ ಅದು ತಿರಸ್ಕೃತವಾಗಿ ವಾಪಸ್ ಬರುತ್ತದೆ. ಪಟ್ಟಿಯಲ್ಲಿರುವ ಮಗನ ಸೋಷಿಯಲ್ ಸೆಕ್ಯುರಿಟಿ ನಂಬರ್ ಆಗಲೇ ಬೇರೆ ಕಡೆ ಬಳಕೆಯಾಗಿದೆ ಎಂಬ ಕಾರಣಕ್ಕೆ. ಗಡುವು 15ಕ್ಕೆ.

ಬೇ ಏರಿಯಾ, ನ್ಯೂಜೆರ್ಸಿ, ಡಲ್ಲಾಸ್ ಕಡೆಯ ಕನ್ನಡ ಮನೆಗಳಲ್ಲಿ ಮಕ್ಕಳು ಈಗ ಕಾಲೇಜಿನ ವಯಸ್ಸಿಗೆ ಬಂದಿರುವುದರಿಂದ ಪ್ರತಿ ವರ್ಷ ಎದುರಾಗುವ ತಾಪತ್ರಯ ಇದು. ‘ಫೀಸು ನಾವು ಕಟ್ಟುತ್ತೇವೆ, ಅವನು ನಮ್ಮ ಡಿಪೆಂಡೆಂಟೇ’ ಎಂಬುದು ಅಪ್ಪ-ಅಮ್ಮನ ವಾದ. ‘ನಾನು ದುಡಿಯುತ್ತೇನೆ, ನನ್ನ ರಿಟರ್ನ್ ನನ್ನದು’ ಎಂಬುದು ಮಗನ ವಾದ. ಕಾನೂನು ಎರಡನ್ನೂ ಕೇಳಿಸಿಕೊಳ್ಳುವುದಿಲ್ಲ. ಅದರ ಪ್ರಶ್ನೆಗಳೇ ಬೇರೆ. ಅದರಲ್ಲೂ ‘ತೋರಿಸಲು ಸಾಧ್ಯವೇ’ ಎಂಬುದು ಒಂದು ಪ್ರಶ್ನೆ, ‘ತೋರಿಸುತ್ತೀರಾ’ ಎಂಬುದು ಇನ್ನೊಂದು. ಈ ಎರಡರ ನಡುವಿನ ಸಂದಿಯಲ್ಲೇ ಕೆಲವು ಕುಟುಂಬಗಳಿಗೆ ಸಾವಿರಾರು ಡಾಲರ್ ಉಳಿತಾಯ ಅಡಗಿದೆ.

ಮೊದಲು, ಈ ಜಗಳ ಎಷ್ಟು ದುಡ್ಡಿನದು ಎಂದು ನೋಡೋಣ. 2017ರವರೆಗೆ ಪ್ರತಿ ಡಿಪೆಂಡೆಂಟ್‌ಗೂ ಆದಾಯದಿಂದ ನಾಲ್ಕು ಸಾವಿರ ಡಾಲರ್‌ಗೂ ಮೀರಿದ ವಿನಾಯಿತಿ ಇತ್ತು. 2018ರಿಂದ ಅದು ಸೊನ್ನೆಯಾಯಿತು. 2025ರ ಜುಲೈ 4ರಂದು ಸಹಿಯಾದ ತೆರಿಗೆ ಕಾನೂನು ಆ ಸೊನ್ನೆಯನ್ನು ಕಾಯಂ ಮಾಡಿತು. ಮಕ್ಕಳ ತೆರಿಗೆ ಕ್ರೆಡಿಟ್ (ಕಟ್ಟಬೇಕಾದ ತೆರಿಗೆಯಿಂದಲೇ ಕಳೆಯುವ ಮೊತ್ತ) 2025ಕ್ಕೆ 2,200 ಡಾಲರ್‌ಗೆ ಏರಿದೆಯಾದರೂ ಅದು ವರ್ಷದ ಕೊನೆಗೆ 17 ತುಂಬದ ಮಕ್ಕಳಿಗೆ ಮಾತ್ರ. 17 ತುಂಬಿದ ಮೇಲೆ ಉಳಿಯುವುದು ‘ಇತರ ಅವಲಂಬಿತರ ಕ್ರೆಡಿಟ್’ ಎಂಬ 500 ಡಾಲರ್. ಅದೂ ಜಂಟಿ ಆದಾಯ 4 ಲಕ್ಷ ಡಾಲರ್ ದಾಟಿದರೆ (ಒಬ್ಬರದೇ ರಿಟರ್ನ್ ಆದರೆ 2 ಲಕ್ಷ) ಪ್ರತಿ ಸಾವಿರಕ್ಕೆ 50 ಡಾಲರ್‌ನಂತೆ ಕರಗುತ್ತದೆ. ಒಂದೇ ಮಗುವಿನ ದಂಪತಿಗೆ 4.10 ಲಕ್ಷ ಮುಟ್ಟುವಷ್ಟರಲ್ಲಿ ಅದು ಪೂರ್ತಿ ಮಾಯ. ಅಂದರೆ ಸುಮಾರು ಮನೆಗಳಲ್ಲಿ ಹೋರಾಟ 500 ಡಾಲರ್‌ಗೆ, ಕೆಲವು ಮನೆಗಳಲ್ಲಿ ಏನಕ್ಕೂ ಅಲ್ಲ.

ಕಾನೂನಿನ ಎರಡು ಬಾಗಿಲು

ಬೆಳೆದ ಮಗ ಅಥವಾ ಮಗಳು ಡಿಪೆಂಡೆಂಟ್ ಆಗಲು ಎರಡು ದಾರಿಗಳಿವೆ. ಒಂದು ‘ಅರ್ಹ ಮಗು’, ಇನ್ನೊಂದು ‘ಅರ್ಹ ಬಂಧು’. ಮೊದಲ ಬಾಗಿಲು ಮುಚ್ಚಿದ್ದರೆ ಮಾತ್ರ ಎರಡನೆಯದನ್ನು ತಟ್ಟಬೇಕು. ಎರಡರ ಷರತ್ತುಗಳನ್ನು ಬೆರೆಸಿದರೆ ಲೆಕ್ಕ ಕೆಡುತ್ತದೆ. ‘ಮಗಳು 5,200 ಡಾಲರ್‌ಗಿಂತ ಹೆಚ್ಚು ದುಡಿದಿದ್ದಾಳೆ, ಇನ್ನು ತೋರಿಸುವ ಹಾಗಿಲ್ಲ’ ಎಂಬ ಮಾತು ಹುಟ್ಟುವುದು ಈ ಬೆರಕೆಯಿಂದ. ಆ ಮಿತಿ ಎರಡನೇ ಬಾಗಿಲಿನದು. ಇಪ್ಪತ್ತರ ವಯಸ್ಸಿನ ಪೂರ್ಣಾವಧಿ ವಿದ್ಯಾರ್ಥಿನಿ ಮೂವತ್ತು ಸಾವಿರ ದುಡಿದರೂ ಮೊದಲ ಬಾಗಿಲಿನಲ್ಲಿ ಅವಳ ಆದಾಯವನ್ನು ಯಾರೂ ಕೇಳುವುದಿಲ್ಲ.

ಮೊದಲ ಬಾಗಿಲಿನಲ್ಲಿ ಕೇಳುವುದು ವಯಸ್ಸು, ವಾಸ, ಪೋಷಣೆ ಮತ್ತು ಮದುವೆ. ಡಿಸೆಂಬರ್ 31ಕ್ಕೆ 19 ತುಂಬಿರಬಾರದು. ಪೂರ್ಣಾವಧಿ ವಿದ್ಯಾರ್ಥಿಯಾದರೆ 24 ತುಂಬಿರಬಾರದು. ಡಿಸೆಂಬರ್ 31ರಂದು ಹುಟ್ಟಿದವನಿಗೆ 24 ತುಂಬಿದ ದಿನವೇ ಇಡೀ ವರ್ಷ ಕೈತಪ್ಪುತ್ತದೆ. ಮರುದಿನ, ಜನವರಿ 1ರಂದು ಹುಟ್ಟಿದವನಿಗೆ ಒಂದು ವರ್ಷ ಹೆಚ್ಚುವರಿಯಾಗಿ ಸಿಗುತ್ತದೆ. ಶಾಶ್ವತವಾಗಿ ಸಂಪೂರ್ಣ ಅಂಗವೈಕಲ್ಯ ಇರುವ ಮಗುವಿಗೆ ವಯಸ್ಸಿನ ಮಿತಿಯೇ ಇಲ್ಲ. ದುಡಿಯಲಾಗದ ಸ್ಥಿತಿ ಕನಿಷ್ಠ ಒಂದು ವರ್ಷ ಇರುತ್ತದೆ ಎಂಬ ವೈದ್ಯರ ಹೇಳಿಕೆಯೊಂದು ಮನೆಯ ಕಡತದಲ್ಲಿದ್ದರೆ ನಲವತ್ತರ ಮಗನನ್ನೂ ಇದೇ ಬಾಗಿಲಿನಿಂದ ಒಳಗೆ ತರಬಹುದು.

ಪೂರ್ಣಾವಧಿ ಎಂದರೆ ಕಾಲೇಜು ಹಾಗೆಂದು ಲೆಕ್ಕ ಹಾಕಿದ್ದು. ವರ್ಷದ ಯಾವುದಾದರೂ ಐದು ತಿಂಗಳಲ್ಲಿ, ತಿಂಗಳಲ್ಲಿ ಒಂದೇ ದಿನವಾದರೂ ಸರಿ, ಹಾಗೆ ದಾಖಲಾಗಿದ್ದರೆ ಸಾಕು. ತಿಂಗಳುಗಳು ಒತ್ತೊತ್ತಾಗಿ ಇರಬೇಕಿಲ್ಲ. ಆದ್ದರಿಂದ ಮೇ ಮೊದಲ ವಾರ ಪದವಿ ಮುಗಿಸಿದವರೂ ಜನವರಿಯಿಂದ ಮೇವರೆಗೆ ಐದು ತಿಂಗಳು ಮುಗಿಸಿದಂತೆಯೇ. ಇಂಟರ್ನೆಟ್ಟಿನಲ್ಲಷ್ಟೇ ಪಾಠ ಹೇಳುವ ಸಂಸ್ಥೆ, ಅಂಚೆ ಶಿಕ್ಷಣ, ಕೆಲಸದ ಜಾಗದ ತರಬೇತಿ ಇವು ‘ಶಾಲೆ’ ಎನಿಸುವುದಿಲ್ಲ. ಪದವಿ ಮುಗಿದ ಮೇಲೆ ಆನ್‌ಲೈನ್ ಕೋಡಿಂಗ್ ಕೋರ್ಸ್‌ಗೆ ಸೇರಿದ ಮಗನನ್ನು ವಿದ್ಯಾರ್ಥಿ ಎಂದು ತೋರಿಸಲಾಗದು.

ಮದುವೆಯ ಷರತ್ತು ಚಿಕ್ಕದು. ಮಗಳು ಡಿಸೆಂಬರಿನಲ್ಲಿ ಮದುವೆಯಾಗಿ ಗಂಡನ ಜೊತೆ ಜಂಟಿ ರಿಟರ್ನ್ ಹಾಕಿದರೆ ತವರಿನ ಪಟ್ಟಿಯಿಂದ ಹೊರಗೆ. ಇಬ್ಬರಿಗೂ ತೆರಿಗೆಯೇ ಬರದೆ, ಹಿಡಿದಿಟ್ಟ ಹಣವನ್ನು ವಾಪಸ್ ಪಡೆಯಲಷ್ಟೇ ಹಾಕಿದ ರಿಟರ್ನ್ ಆದರೆ ಅಡ್ಡಿಯಿಲ್ಲ.

ಪೋಷಣೆಯ ಲೆಕ್ಕ: ಪ್ರಶ್ನೆ ಉಲ್ಟಾ ಇದೆ

ಇಲ್ಲಿ ಎಡವುವವರು ಹೆಚ್ಚು. ‘ಅರ್ಹ ಮಗು’ವಿನ ವಿಚಾರದಲ್ಲಿ ಅಪ್ಪ-ಅಮ್ಮ ಅರ್ಧಕ್ಕಿಂತ ಹೆಚ್ಚು ಖರ್ಚು ಮಾಡಿದ್ದಾರೆಯೇ ಎಂದು ಕಾನೂನು ಕೇಳುವುದೇ ಇಲ್ಲ. ಮಗುವೇ ತನ್ನ ಪೋಷಣೆಯ ಅರ್ಧಕ್ಕಿಂತ ಹೆಚ್ಚನ್ನು ಭರಿಸಿಕೊಂಡಿದೆಯೇ ಎಂದು ಕೇಳುತ್ತದೆ. ಹಾಸನದ ಅಜ್ಜ ಕಾಫಿ ಮಾರಿದ ಹಣದಲ್ಲಿ ಮೊಮ್ಮಗಳ ಫೀಸು ಪೂರ್ತಿ ಕಟ್ಟಿದರೂ ಅಪ್ಪ-ಅಮ್ಮನ ಹಕ್ಕಿಗೆ ಧಕ್ಕೆ ಇಲ್ಲ. ಖರ್ಚು ಮಾಡಿದ್ದು ಮೊಮ್ಮಗಳಲ್ಲವಲ್ಲ. ಪೂರ್ಣಾವಧಿ ವಿದ್ಯಾರ್ಥಿಗೆ ಬಂದ ಸ್ಕಾಲರ್‌ಶಿಪ್ ಯಾರ ಖಾತೆಗೂ ಸೇರುವುದಿಲ್ಲ, ಲೆಕ್ಕದಿಂದಲೇ ಆಚೆ.

ಒಂದು ಮಾದರಿ ಲೆಕ್ಕ. ವರ್ಷದ ಕಾಲೇಜು ಫೀಸು 28,000 ಡಾಲರ್, ಅದರಲ್ಲಿ 10,000 ಸ್ಕಾಲರ್‌ಶಿಪ್. ವಸತಿ-ಊಟ 16,000. ಬಟ್ಟೆ, ಫೋನು, ಆರೋಗ್ಯ ವಿಮೆ, ಓಡಾಟ ಸೇರಿ 6,000. ಸ್ಕಾಲರ್‌ಶಿಪ್ ಬಿಟ್ಟರೆ ಪೋಷಣೆಯ ಒಟ್ಟು ಮೊತ್ತ 40,000, ಅರ್ಧ 20,000. ಮಗ ಇಂಟರ್ನ್‌ಶಿಪ್‌ನಲ್ಲಿ 18,000 ದುಡಿದ. ತನ್ನ ಹೆಸರಿನಲ್ಲಿ 7,500 ಸರ್ಕಾರಿ ವಿದ್ಯಾರ್ಥಿ ಸಾಲ ತೆಗೆದ. ಆ ಸಾಲವನ್ನು ತೀರಿಸಬೇಕಾದವನು ಅವನೇ ಆದ್ದರಿಂದ ಅದು ಅವನ ಖರ್ಚು ಎಂದೇ ಎಣಿಕೆ. ದುಡಿದದ್ದರಲ್ಲಿ 7,000 ರಾತ್ ಐಆರ್‌ಎ ಎಂಬ ನಿವೃತ್ತಿ ಖಾತೆಗೆ, 3,000 ಉಳಿತಾಯ ಖಾತೆಗೆ ಹಾಕಿ, 8,000 ತನ್ನ ಬಾಡಿಗೆ-ಊಟಕ್ಕೆ ಖರ್ಚು ಮಾಡಿದ. ಅವನ ಪಾಲು 15,500. ಅರ್ಧಕ್ಕಿಂತ ಕಡಿಮೆ, ಆದ್ದರಿಂದ ಅವನು ಡಿಪೆಂಡೆಂಟೇ. ಅದೇ ಮಗ 18,000ವನ್ನೂ ಬಾಡಿಗೆ-ಊಟ-ಫೀಸಿಗೆ ಸುರಿದು, ಅಷ್ಟರ ಮಟ್ಟಿಗೆ ಅಪ್ಪ-ಅಮ್ಮ ಕೈ ಹಿಂದೆಗೆದರೆ ಅವನ ಪಾಲು 25,500 ಆಗಿ ಅವನು ಪಟ್ಟಿಯಿಂದ ಹೊರಬೀಳುತ್ತಾನೆ.

ದುಡಿದದ್ದು ಇಲ್ಲಿ ಮುಖ್ಯವಲ್ಲ. ಪೋಷಣೆಗೆ ಖರ್ಚಾದದ್ದಷ್ಟೇ ಎಣಿಕೆಗೆ ಬರುತ್ತದೆ. ಉಳಿಸಿದ ಹಣ ಲೆಕ್ಕಕ್ಕಿಲ್ಲ. ಅಪ್ಪ-ಅಮ್ಮ ತಮ್ಮ ಹೆಸರಿನಲ್ಲೇ ತೆಗೆದ ಪೇರೆಂಟ್ ಪ್ಲಸ್ ಸಾಲ ಅವರ ಪಾಲಿಗೆ ಸೇರುತ್ತದೆ. ಮಗ ಮನೆಯಲ್ಲಿ ಇದ್ದಷ್ಟು ದಿನ ಅವನ ಕೋಣೆಗೆ ಮಾರುಕಟ್ಟೆಯಲ್ಲಿ ಎಷ್ಟು ಬಾಡಿಗೆ ಬರಬಹುದೋ ಅದನ್ನೂ ಪೋಷಣೆಗೆ ಸೇರಿಸಬೇಕು. ಕಟ್ಟುವ ಮಾರ್ಟ್‌ಗೇಜ್ ಕಂತನ್ನಲ್ಲ. ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ಪ್ರಕಟಣೆ 501ರಲ್ಲಿ ಇದಕ್ಕೆಂದೇ ಒಂದು ಲೆಕ್ಕದ ಹಾಳೆ ಇದೆ. ಅಂಚಿನ ಪ್ರಕರಣಗಳಲ್ಲಿ ಅದನ್ನು ತುಂಬಿ ಇಟ್ಟುಕೊಳ್ಳುವುದು ವಿವೇಕ.

ಪದವಿ ಮುಗಿಸಿದ ವರ್ಷ

ಅತಿ ಹೆಚ್ಚು ತಪ್ಪುಗಳಾಗುವುದು ಈ ವರ್ಷದಲ್ಲಿ. ‘ಐದು ತಿಂಗಳು ಓದಿದ್ದಾಳೆ, 22 ವರ್ಷ, ಹಾಗಾದರೆ ತೋರಿಸಬಹುದು’ ಎಂದು ಅಲ್ಲಿಗೇ ನಿಲ್ಲಿಸುತ್ತಾರೆ. ವಾಸದ ಷರತ್ತು ಮರೆತೇ ಹೋಗುತ್ತದೆ. ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಮಗು ಅಪ್ಪ-ಅಮ್ಮನ ಜೊತೆ ವಾಸಿಸಿರಬೇಕು. ಓದಿಗಾಗಿ ದೂರ ಇದ್ದದ್ದು ತಾತ್ಕಾಲಿಕ ಗೈರು, ಆ ದಿನಗಳು ಮನೆಯಲ್ಲೇ ಇದ್ದಂತೆ. ಆದರೆ ಕೆಲಸ ಸಿಕ್ಕಿ ಬೇರೆ ಊರಿನಲ್ಲಿ ಮನೆ ಮಾಡಿದರೆ ಅದು ತಾತ್ಕಾಲಿಕವಲ್ಲ.

2025ರ ಮೇ ಮಧ್ಯದಲ್ಲಿ ಪದವಿ ಪಡೆದ ಮಗಳು ಜೂನ್ 15ರಂದು ಸಿಯಾಟಲ್‌ಗೆ ಹೋಗಿ ನೆಲೆಸಿದಳು ಎಂದುಕೊಳ್ಳಿ. ಜನವರಿ 1ರಿಂದ ಜೂನ್ 14ರವರೆಗೆ 165 ದಿನ. ಬೇಕಾದ್ದು 183. ವಾಸದ ಷರತ್ತಿನಲ್ಲೇ ಸೋಲು, ಉಳಿದದ್ದನ್ನು ನೋಡಬೇಕಾಗಿಯೇ ಇಲ್ಲ. ಅದೇ ಹುಡುಗಿ ಜುಲೈ 10ರವರೆಗೆ ಮನೆಯಲ್ಲಿದ್ದು ಹೊರಟಿದ್ದರೆ 191 ದಿನ, ವಾಸದಲ್ಲಿ ಪಾಸು. ಆಗ ಪೋಷಣೆಯ ಲೆಕ್ಕ ನೋಡಬೇಕು. ಅರ್ಧ ವರ್ಷದ ಸಂಬಳ 60,000 ಬಂದು, ಸಿಯಾಟಲ್‌ನ ಬಾಡಿಗೆ, ಮುಂಗಡ, ಸಾಮಾನು, ಊಟಕ್ಕೆಂದು 25,000 ಖರ್ಚಾಗಿದ್ದರೆ, ಮೊದಲರ್ಧದಲ್ಲಿ ಅಪ್ಪ-ಅಮ್ಮ ಹಾಕಿದ್ದು 18,000 ಆಗಿದ್ದರೆ, ಅಲ್ಲಿಯೂ ಸೋಲು. ಇಷ್ಟು ಆದಾಯ ಇರುವಾಗ ಎರಡನೇ ಬಾಗಿಲಂತೂ ಮುಚ್ಚಿದ್ದೇ.

ಹೀಗೆ ಸೋತರೆ ಮನೆಮಂದಿಗೆ ನಷ್ಟವೇ? ಬಹಳ ಸಲ ಲಾಭ. ಅದನ್ನು ಕಾಣಲು ಶಿಕ್ಷಣ ಕ್ರೆಡಿಟ್‌ನ ಕಡೆ ತಿರುಗಬೇಕು.

ನಿಜವಾದ ದುಡ್ಡು ಇರುವುದು ಇಲ್ಲಿ

ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್ ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ 2,500 ಡಾಲರ್‌ವರೆಗೆ. ಫೀಸು ಮತ್ತು ಪಠ್ಯಪುಸ್ತಕದ ಮೊದಲ 2,000ಕ್ಕೆ ಪೂರ್ತಿ, ಮುಂದಿನ 2,000ಕ್ಕೆ ಕಾಲು ಭಾಗ. ವಸತಿ-ಊಟದ ಖರ್ಚು ಇದಕ್ಕೆ ಬರುವುದಿಲ್ಲ. ಜಂಟಿ ಆದಾಯ 1.60 ಲಕ್ಷದಿಂದ ಕರಗಲು ಶುರುವಾಗಿ 1.80 ಲಕ್ಷಕ್ಕೆ ಸೊನ್ನೆ. ಒಂಟಿ ರಿಟರ್ನ್‌ಗೆ 80,000ದಿಂದ 90,000. ಗಂಡ-ಹೆಂಡತಿ ಇಬ್ಬರೂ ದುಡಿಯುವ ಸಾಫ್ಟ್‌ವೇರ್ ಮನೆಗಳಲ್ಲಿ ಈ ಮಿತಿ ದಾಟಿ ವರ್ಷಗಳೇ ಆಗಿರುತ್ತವೆ. ‘ನಮಗೆ ಆ ಕ್ರೆಡಿಟ್ ಬರುವುದಿಲ್ಲ’ ಎಂದು ಅವರು ಬಿಟ್ಟುಬಿಡುತ್ತಾರೆ. ಅವರಿಗೆ ಬರುವುದಿಲ್ಲ, ನಿಜ. ಮಗಳಿಗೆ ಬರುತ್ತದೆ.

ಮೇಲೆ ಹೇಳಿದ ಎರಡು ಪ್ರಶ್ನೆಗಳ ವ್ಯತ್ಯಾಸ ಕೆಲಸಕ್ಕೆ ಬರುವುದು ಈ ಹಂತದಲ್ಲಿ. ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಲೆಕ್ಕಕ್ಕೆ ಮುಂಚೆ ಆದಾಯದಿಂದ ನೇರವಾಗಿ ಕಳೆಯುವ ಮೊತ್ತ) ವಿಚಾರದಲ್ಲಿ ಕಾನೂನು ‘ತೋರಿಸಲು ಸಾಧ್ಯವೇ’ ಎಂದು ಕೇಳುತ್ತದೆ. ಶಿಕ್ಷಣ ಕ್ರೆಡಿಟ್ ವಿಚಾರದಲ್ಲಿ ‘ನಿಜವಾಗಿ ತೋರಿಸಿದ್ದಾರೆಯೇ’ ಎಂದು ಕೇಳುತ್ತದೆ. ಅಪ್ಪ-ಅಮ್ಮನಿಗೆ ತೋರಿಸುವ ಹಕ್ಕಿದ್ದೂ ತೋರಿಸದೆ ಬಿಟ್ಟರೆ ಮಗಳು ತನ್ನ ರಿಟರ್ನ್‌ನಲ್ಲಿ ಕ್ರೆಡಿಟ್ ಪಡೆಯಬಹುದು. ಫೀಸು ಕಟ್ಟಿದ್ದು ಅಪ್ಪನ ಖಾತೆಯಿಂದಲೇ ಆದರೂ ಅದನ್ನು ಮಗಳೇ ಕಟ್ಟಿದಂತೆ ಪರಿಗಣಿಸಲಾಗುತ್ತದೆ. ತಿರುಗಿಸಿ ಹೇಳುವುದಾದರೆ, ಅಪ್ಪ-ಅಮ್ಮ ಅವಳನ್ನು ತೋರಿಸಿದರೆ ಅವಳು ಸ್ವಂತ ದುಡ್ಡಿನಲ್ಲಿ ಕಟ್ಟಿದ ಫೀಸೂ ಅವರು ಕಟ್ಟಿದಂತೆಯೇ.

2025ರ ಅಂಕಿಗಳಲ್ಲಿ ನೋಡೋಣ. ದಂಪತಿಯ ಆದಾಯ 2.10 ಲಕ್ಷ. ಮಗಳು ಮೂರನೇ ವರ್ಷದ ವಿದ್ಯಾರ್ಥಿನಿ, ಇಂಟರ್ನ್‌ಶಿಪ್‌ನಲ್ಲಿ 32,000 ದುಡಿದಿದ್ದಾಳೆ, ಹೆಚ್ಚಿನದನ್ನು ಉಳಿಸಿದ್ದಾಳೆ. ಡಿಪೆಂಡೆಂಟ್ ಆಗಬಲ್ಲವರ ಸ್ಟ್ಯಾಂಡರ್ಡ್ ಡಿಡಕ್ಷನ್ ಎಂದರೆ ದುಡಿಮೆಯ ಆದಾಯಕ್ಕೆ 450 ಸೇರಿಸಿದ್ದು (ಕನಿಷ್ಠ 1,350), ಗರಿಷ್ಠ 15,750. ಇವಳಿಗೆ ಪೂರ್ತಿ 15,750 ಸಿಗುತ್ತದೆ. ಉಳಿದ 16,250ಕ್ಕೆ ತೆರಿಗೆ ಸುಮಾರು 1,712 ಡಾಲರ್. ಅಪ್ಪ-ಅಮ್ಮ ತೋರಿಸಿದರೆ ಅವರಿಗೆ 500 ಸಿಗುತ್ತದೆ, ಮಗಳು 1,712 ಕಟ್ಟುತ್ತಾಳೆ. ತೋರಿಸದಿದ್ದರೆ ಅವರಿಗೆ 500 ಹೋಗುತ್ತದೆ, ಮಗಳ 1,712 ಪೂರ್ತಿ ಅಳಿಯುತ್ತದೆ. ಮನೆಗೆ ನಿವ್ವಳ ಉಳಿತಾಯ 1,200 ಡಾಲರ್‌ಗೂ ಮೇಲು. ಸಂಬಳ 12,000 ಮಾತ್ರ ಆಗಿದ್ದರೆ ಮಗಳಿಗೆ ತೆರಿಗೆಯೇ ಇಲ್ಲ, ಕ್ರೆಡಿಟ್ ವ್ಯರ್ಥ. ಆಗ 500 ಪಡೆಯುವುದೇ ಜಾಣತನ. ಎರಡರ ನಡುವಿನ ಗೆರೆ ಸುಮಾರು 20,750 ಡಾಲರ್ ಸಂಬಳ. ಅಲ್ಲಿಗೆ ಮಗಳ ತೆರಿಗೆ 500 ಮುಟ್ಟುತ್ತದೆ.

ಮಗಳಿಗೆ ಸಿಗುವ ಕ್ರೆಡಿಟ್ ಅವಳ ತೆರಿಗೆಯನ್ನು ಅಳಿಸುವುದಕ್ಕಷ್ಟೇ. ಮಿಕ್ಕದ್ದು ನಗದಾಗಿ ಕೈಗೆ ಬರುವುದಿಲ್ಲ. ಈ ಕ್ರೆಡಿಟ್‌ನ ಶೇ. 40 ಭಾಗ, ಅಂದರೆ 1,000 ಡಾಲರ್‌ವರೆಗೆ, ತೆರಿಗೆ ಇಲ್ಲದಿದ್ದರೂ ವಾಪಸ್ ಬರುವಂಥದ್ದು. ಆದರೆ 24 ತುಂಬದ, ತನ್ನ ದುಡಿಮೆಯಿಂದ ಪೋಷಣೆಯ ಅರ್ಧವನ್ನೂ ಭರಿಸದ, ತಂದೆ-ತಾಯಲ್ಲಿ ಒಬ್ಬರಾದರೂ ಜೀವಂತ ಇರುವ ಪೂರ್ಣಾವಧಿ ವಿದ್ಯಾರ್ಥಿಗೆ ಆ ಭಾಗ ನಿಷಿದ್ಧ. ಶಿಕ್ಷಣ ಕ್ರೆಡಿಟ್‌ಗೆ ತುಂಬುವ ಫಾರ್ಮ್ 8863ರ 7ನೇ ಸಾಲಿನಲ್ಲಿ ಇದಕ್ಕೆಂದೇ ಒಂದು ಚೌಕ ಇದೆ, ಅದಕ್ಕೆ ಗುರುತು ಹಾಕಬೇಕು. ಅದನ್ನು ಬಿಟ್ಟು 1,000 ರಿಫಂಡ್ ಪಡೆದವರಿಗೆ ಮುಂದೆ ಬಡ್ಡಿ ಸಮೇತ ವಾಪಸ್ ಕೇಳುವ ಪತ್ರ ಬರಬಹುದು. ಸಾಫ್ಟ್‌ವೇರ್ ತುಂಬುವಾಗಲೂ ಎಚ್ಚರ ಬೇಕು. ‘ಯಾರಾದರೂ ತೋರಿಸಲು ಸಾಧ್ಯವೇ’ ಎಂದರೆ ‘ಹೌದು’, ‘ತೋರಿಸುತ್ತಾರೆಯೇ’ ಎಂದರೆ ‘ಇಲ್ಲ’. ಮೊದಲನೆಯದಕ್ಕೇ ‘ಇಲ್ಲ’ ಎಂದರೆ ಬಡ್ಡಿ-ಡಿವಿಡೆಂಡ್ ಇರುವ ಮಕ್ಕಳಿಗೆ ಸಲ್ಲದ ಡಿಡಕ್ಷನ್ ಸಿಕ್ಕಿಬಿಡುತ್ತದೆ.

ಈಗ ಪದವಿ ಮುಗಿಸಿ ಸಿಯಾಟಲ್‌ಗೆ ಹೋದ ಹುಡುಗಿಯ ಕಡೆ ಮತ್ತೆ ಬರೋಣ. ನಾಲ್ಕು ವರ್ಷದ ಪದವಿ ಐದು ಕ್ಯಾಲೆಂಡರ್ ವರ್ಷಗಳ ಮೇಲೆ ಹರಡಿರುತ್ತದೆ. ಕ್ರೆಡಿಟ್ ಸಿಗುವುದು ನಾಲ್ಕು ತೆರಿಗೆ ವರ್ಷಕ್ಕೆ ಮಾತ್ರ. ಕೊನೆಯ ವರ್ಷ ಅವಳು ಡಿಪೆಂಡೆಂಟ್ ಅಲ್ಲ, ಅರ್ಧ ವರ್ಷದ ಸಂಬಳ 60,000, ಒಂಟಿ ರಿಟರ್ನ್‌ನ 80,000 ಮಿತಿಯ ಒಳಗೆ, ತೆರಿಗೆಯೂ ಸಾಕಷ್ಟು ಬಂದಿರುತ್ತದೆ. 2,500 ಪೂರ್ತಿ ದಕ್ಕುವ ವರ್ಷ ಅದು. ಒಂದೇ ಷರತ್ತು: ಆ ಕ್ಯಾಲೆಂಡರ್ ವರ್ಷದಲ್ಲಿ ಫೀಸು ಕಟ್ಟಿರಬೇಕು. ವಸಂತ ಸೆಮಿಸ್ಟರಿನ ಬಿಲ್ಲು ಡಿಸೆಂಬರಿನಲ್ಲೇ ಬರುತ್ತದೆ. ಕ್ರಿಸ್‌ಮಸ್‌ಗೆ ಮುಂಚೆ ಕಟ್ಟಿ ಕೈತೊಳೆದುಕೊಂಡರೆ ಅದು ಹಿಂದಿನ ವರ್ಷದ ಖರ್ಚು, ಕಟ್ಟಿದ ಫೀಸನ್ನು ತೋರಿಸಿ ಕಾಲೇಜು ಕೊಡುವ 1098-ಟಿ ಹಾಳೆಯಲ್ಲಿ ಕೊನೆಯ ವರ್ಷ ಸೊನ್ನೆ. ಕಾಲೇಜಿನ ಗಡುವು ಒಪ್ಪಿದರೆ ಜನವರಿಯಲ್ಲಿ ಕಟ್ಟುವುದು ಲೇಸು. ಇನ್ನೊಂದು ಸೂಕ್ಷ್ಮ: ಓದಿಗೆಂದೇ ಉಳಿಸುವ 529 ಖಾತೆಯಿಂದ ತೆರಿಗೆಯಿಲ್ಲದೆ ತೆಗೆದ ಹಣದಲ್ಲಿ ಕಟ್ಟಿದ ಫೀಸಿಗೆ ಈ ಕ್ರೆಡಿಟ್ ಇಲ್ಲ. ಆದ್ದರಿಂದ ವರ್ಷಕ್ಕೆ 4,000 ಡಾಲರ್ ಫೀಸನ್ನು 529ರ ಹೊರಗಿನಿಂದ ಕಟ್ಟಬೇಕು. ಸಾಲದ ಹಣವಾದರೂ ನಡೆಯುತ್ತದೆ.

24 ದಾಟಿದ ಮೇಲೆ

ಎಂಎಸ್ ಓದುತ್ತಿರುವ 25ರ ಮಗ, ಪದವಿ ಮುಗಿದು ಕೆಲಸ ಸಿಗದೆ ಮನೆಯಲ್ಲಿರುವ 23ರ ಮಗಳು — ಇವರಿಗೆ ಎರಡನೇ ಬಾಗಿಲು. ಇಲ್ಲಿ ಆದಾಯದ ಮಿತಿ ಗಟ್ಟಿ: 2024ಕ್ಕೆ 5,050 ಡಾಲರ್, 2025ಕ್ಕೆ 5,200. ಒಟ್ಟು ಆದಾಯ ಅದಕ್ಕಿಂತ ಕಡಿಮೆ ಇರಬೇಕು. ಪೋಷಣೆಯ ಪ್ರಶ್ನೆಯೂ ಇಲ್ಲಿ ತಿರುಗುತ್ತದೆ. ಅರ್ಧಕ್ಕಿಂತ ಹೆಚ್ಚನ್ನು ಅಪ್ಪ-ಅಮ್ಮನೇ ಭರಿಸಿರಬೇಕು. ಮೊದಲ ಬಾಗಿಲಿನಲ್ಲಿ ಅಡ್ಡಿಯಾಗದ ಹಾಸನದ ಅಜ್ಜನ ಹಣ ಇಲ್ಲಿ ಅಡ್ಡಿಯಾಗುತ್ತದೆ. ಮಕ್ಕಳಿಗೆ ಒಂದೇ ಮನೆಯಲ್ಲಿ ಇರಬೇಕೆಂಬ ನಿಯಮ ಮಾತ್ರ ಇಲ್ಲಿಲ್ಲ.

5,200 ಎಂಬುದು ಕೈಗೆ ಉಳಿದದ್ದಲ್ಲ, ಕೈಗೆ ಬಂದದ್ದು. ಊಟ ತಲುಪಿಸುವ ಆ್ಯಪ್‌ನಲ್ಲಿ 6,000 ಗಳಿಸಿ ಪೆಟ್ರೋಲು-ರಿಪೇರಿಗೆ 2,500 ಕಳೆದು 3,500 ಎಂದರೆ ಒಪ್ಪುವುದಿಲ್ಲ, 6,000ವೇ ಎಣಿಕೆ. ವಿಶ್ವವಿದ್ಯಾಲಯದ ಬೋಧನಾ ಸಹಾಯಕನ ಭತ್ಯೆ, ಸ್ಕಾಲರ್‌ಶಿಪ್‌ನಲ್ಲಿ ವಸತಿ-ಊಟಕ್ಕೆ ಹೋದ ಭಾಗ ತೆರಿಗೆಗೆ ಒಳಪಡುವ ಆದಾಯ, ಅವೂ ಸೇರುತ್ತವೆ. ಹಾಗಾಗಿ ಭತ್ಯೆ ಪಡೆಯುವ ಪಿಎಚ್‌ಡಿ ವಿದ್ಯಾರ್ಥಿ 24 ದಾಟಿದ ಮೇಲೆ ಬಹುತೇಕ ಯಾವಾಗಲೂ ಸ್ವತಂತ್ರ.

ನಮ್ಮವರು ಮರೆಯುವ ಆದಾಯ ಇನ್ನೊಂದಿದೆ. ಮೊಮ್ಮಗನ ಹೆಸರಿನಲ್ಲಿ ಅಜ್ಜ ಊರಿನ ಬ್ಯಾಂಕಿನಲ್ಲಿಟ್ಟ ಠೇವಣಿಯ ಬಡ್ಡಿ. ಎನ್‌ಆರ್‌ಇ (ಅನಿವಾಸಿ ಭಾರತೀಯರ) ಖಾತೆಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲದಿರಬಹುದು, ಅಮೆರಿಕದಲ್ಲಿ ಇದೆ. ಡಿಪೆಂಡೆಂಟ್ ಆದ ಮಗುವಿನ ಬಡ್ಡಿ-ಡಿವಿಡೆಂಡ್ 1,350 ದಾಟಿದರೆ ಅವನೇ ರಿಟರ್ನ್ ಹಾಕಬೇಕು. 2,700 ದಾಟಿದ ಭಾಗಕ್ಕೆ ಅಪ್ಪ-ಅಮ್ಮನ ದರದಲ್ಲಿ ತೆರಿಗೆ, ಫಾರ್ಮ್ 8615. ತನ್ನ ಅರ್ಧ ಪೋಷಣೆಯನ್ನು ದುಡಿದು ಭರಿಸದ ವಿದ್ಯಾರ್ಥಿಗೆ 24 ತುಂಬುವ ವರ್ಷದ ಹಿಂದಿನ ವರ್ಷದವರೆಗೂ ಇದು ತಪ್ಪದು. ಅಪ್ಪ-ಅಮ್ಮ ತೋರಿಸದೆ ಬಿಟ್ಟರೂ ತಪ್ಪದು. ವಿದೇಶಿ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದ್ದರೂ ಎಫ್‌ಬಿಎಆರ್ ಎಂಬ ವಿದೇಶಿ ಖಾತೆಗಳ ವರದಿಯನ್ನು ಬೇರೆ ಸಲ್ಲಿಸಬೇಕು, ಮಗನ ಹೆಸರಿನಲ್ಲೇ.

ಎಚ್-4ರಿಂದ ಎಫ್-1ಕ್ಕೆ: ಯಾರೂ ಹೇಳದ ತಿರುವು

ಗ್ರೀನ್ ಕಾರ್ಡಿನ ಸರದಿಯಲ್ಲಿ ವರ್ಷಗಟ್ಟಲೆ ನಿಂತಿರುವ ಎಚ್-1ಬಿ ಕುಟುಂಬಗಳದ್ದು ಇನ್ನೊಂದು ಕಥೆ. ಮಗುವಿಗೆ 21 ತುಂಬಿದರೆ ಎಚ್-4 (ಎಚ್-1ಬಿ ನೌಕರರ ಸಂಗಾತಿ-ಮಕ್ಕಳ ವೀಸಾ) ಮುಗಿಯುತ್ತದೆ. ಕಾಲೇಜಿನಲ್ಲಿದ್ದರೆ ಸಾಮಾನ್ಯವಾಗಿ ವಿದ್ಯಾರ್ಥಿ ವೀಸಾ ಆದ ಎಫ್-1ಕ್ಕೆ ಬದಲಾಯಿಸುತ್ತಾರೆ. ವಲಸೆಯ ವಕೀಲರು ಅಷ್ಟನ್ನು ಮಾಡಿ ಮುಗಿಸುತ್ತಾರೆ. ತೆರಿಗೆಯ ನೆಲೆಯಲ್ಲಿ ಆಗುವ ಬದಲಾವಣೆ ಆ ಹೊತ್ತಿನಲ್ಲಿ ಯಾರ ಗಮನಕ್ಕೂ ಬರುವುದಿಲ್ಲ.

ಡಿಪೆಂಡೆಂಟ್ ಆಗಲು ಮಗು ಅಮೆರಿಕದ ಪ್ರಜೆ ಅಥವಾ ತೆರಿಗೆಯ ದೃಷ್ಟಿಯಲ್ಲಿ ‘ನಿವಾಸಿ’ ಆಗಿರಬೇಕು (ಕೆನಡಾ-ಮೆಕ್ಸಿಕೊ ನಿವಾಸಿಗಳಿಗೆ ವಿನಾಯಿತಿ ಇದೆ). ಎಚ್-4ನಲ್ಲಿ ಕಳೆದ ದಿನಗಳು ನಿವಾಸಿಯ ಎಣಿಕೆಗೆ ಬರುತ್ತವೆ. ಎಫ್-1 ವಿದ್ಯಾರ್ಥಿಯ ಮೊದಲ ಐದು ಕ್ಯಾಲೆಂಡರ್ ವರ್ಷಗಳ ದಿನಗಳು ಬರುವುದಿಲ್ಲ. 2025ರ ಜೂನ್ ಮಧ್ಯದಲ್ಲಿ ಎಫ್-1ಕ್ಕೆ ಬದಲಾದ ಹುಡುಗನಿಗೆ ಆ ವರ್ಷ ಎಚ್-4ನ 165 ದಿನ, ಅದರ ಜೊತೆ ಹಿಂದಿನ ವರ್ಷದ ಮೂರನೇ ಒಂದು, ಅದರ ಹಿಂದಿನ ವರ್ಷದ ಆರನೇ ಒಂದು ಭಾಗ ಸೇರಿ ನಿವಾಸಿಯಾಗಲು ಬೇಕಾದ 183 ದಿನ ಸುಲಭವಾಗಿ ದಾಟುತ್ತದೆ. 2025ಕ್ಕೆ ಅವನು ನಿವಾಸಿ, ಅಪ್ಪ-ಅಮ್ಮ ತೋರಿಸಬಹುದು. 2026ರಲ್ಲಿ ಎಣಿಕೆಗೆ ಬರುವ ದಿನ ಸೊನ್ನೆ. ಮೂರನೇ ತರಗತಿಯಿಂದ ಅಮೆರಿಕದಲ್ಲೇ ಬೆಳೆದ ಹುಡುಗ ತೆರಿಗೆಯ ಲೆಕ್ಕದಲ್ಲಿ ದಿಢೀರನೆ ‘ಅನಿವಾಸಿ’! ಆ ವರ್ಷದಿಂದ ಅವನನ್ನು ಡಿಪೆಂಡೆಂಟ್ ಎಂದು ತೋರಿಸುವಂತಿಲ್ಲ. 500 ಹೋಯಿತು, ಶಿಕ್ಷಣ ಕ್ರೆಡಿಟ್ ಕೂಡ ಹೋಯಿತು. ಅವನು ಫಾರ್ಮ್ 8843 ಸಲ್ಲಿಸಬೇಕು, ಆದಾಯ ಇದ್ದರೆ ಅನಿವಾಸಿಗಳ ರಿಟರ್ನ್ ಆದ 1040-ಎನ್‌ಆರ್ ಕೂಡ. ಸಿಗುವ ಒಂದೇ ಸಮಾಧಾನ, ಅಧಿಕೃತ ಅನುಮತಿಯ ಕೆಲಸದ ಸಂಬಳದಲ್ಲಿ ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ಕಡಿತ ಇರುವುದಿಲ್ಲ.

ಎಚ್-4ನಲ್ಲೇ ಇರುವ ಮಕ್ಕಳಿಗೆ ಸಾಮಾನ್ಯವಾಗಿ ಸೋಷಿಯಲ್ ಸೆಕ್ಯುರಿಟಿ ನಂಬರ್ ಇರುವುದಿಲ್ಲ, ತೆರಿಗೆಗಷ್ಟೇ ಕೊಡುವ ಐಟಿಐಎನ್ ಎಂಬ ನಂಬರ್ ಇರುತ್ತದೆ. 500 ಡಾಲರ್ ಕ್ರೆಡಿಟ್‌ಗೆ ಅದು ಸಾಕು. ಆದರೆ ಮೂರು ವರ್ಷ ಸತತವಾಗಿ ಯಾವ ರಿಟರ್ನ್‌ನಲ್ಲೂ ಬಳಸದಿದ್ದರೆ ಐಟಿಐಎನ್ ರದ್ದಾಗುತ್ತದೆ, ಡಬ್ಲ್ಯೂ-7 ತುಂಬಿ ನವೀಕರಿಸಬೇಕು. ಶಿಕ್ಷಣ ಕ್ರೆಡಿಟ್‌ಗಾದರೆ 2026ರ ತೆರಿಗೆ ವರ್ಷದಿಂದ ವಿದ್ಯಾರ್ಥಿಗೆ ಸೋಷಿಯಲ್ ಸೆಕ್ಯುರಿಟಿ ನಂಬರೇ ಬೇಕು ಎಂದು 2025ರ ಕಾನೂನು ಹೇಳಿದೆ. ಎಚ್-4 ಮಕ್ಕಳ ಮನೆಗಳಿಗೆ ಈ ಕಾನೂನಿನಿಂದ ಬಿದ್ದ ನಿಜವಾದ ಹೊಡೆತ ಇದು.

ಅಮೆರಿಕದಲ್ಲಿ ಹುಟ್ಟಿ ಮಣಿಪಾಲದಲ್ಲೋ ಬೆಂಗಳೂರಿನಲ್ಲೋ ವೈದ್ಯಕೀಯ ಓದುತ್ತಿರುವ ಮಕ್ಕಳದ್ದು ಸರಳ. ಪ್ರಜೆಯಾದ್ದರಿಂದ ನಿವಾಸದ ತಕರಾರು ಇಲ್ಲ. ಓದಿಗಾಗಿ ಹೋದದ್ದು ತಾತ್ಕಾಲಿಕ ಗೈರು, ರಜೆಗೆ ಅಜ್ಜಿಮನೆಯಲ್ಲಿದ್ದರೂ ಅಷ್ಟೇ. 24 ತುಂಬುವ ವರ್ಷದ ಹಿಂದಿನ ವರ್ಷದವರೆಗೂ 500 ಸಿಗುತ್ತದೆ. ಶಿಕ್ಷಣ ಕ್ರೆಡಿಟ್ ಮಾತ್ರ, ಅಮೆರಿಕದ ಶಿಕ್ಷಣ ಇಲಾಖೆಯ ವಿದ್ಯಾರ್ಥಿ ನೆರವಿನ ಯೋಜನೆಗೆ ಅರ್ಹವಾದ ಸಂಸ್ಥೆಗಳಿಗೆ ಸೀಮಿತ. ಆ ಪಟ್ಟಿಯಲ್ಲಿ ಕಾಲೇಜಿನ ಹೆಸರಿಲ್ಲದೆ ಕ್ರೆಡಿಟ್ ಕೇಳಬಾರದು.

ಇದಕ್ಕೆ ಅಂಟಿಕೊಂಡ ಇತರ ವಿಷಯಗಳು

ಆರೋಗ್ಯ ವಿಮೆಗೂ ಡಿಪೆಂಡೆಂಟ್ ಪಟ್ಟಿಗೂ ನಂಟಿಲ್ಲ. ಕಂಪನಿಯ ವಿಮೆಯಲ್ಲಿ ಮಕ್ಕಳನ್ನು 26ರವರೆಗೆ ಇಟ್ಟುಕೊಳ್ಳಬಹುದು. ಆದರೆ ಎಚ್‌ಎಸ್‌ಎ (ವೈದ್ಯಕೀಯ ಖರ್ಚಿಗೆಂದು ಉಳಿಸುವ ಖಾತೆ) ಹಣ ಬೇರೆ ಕಥೆ. ವಿಮೆಯಲ್ಲಿದ್ದರೂ ಡಿಪೆಂಡೆಂಟ್ ಅಲ್ಲದ 25ರ ಮಗಳ ಹಲ್ಲಿನ ಬಿಲ್ಲನ್ನು ಅಪ್ಪನ ಎಚ್‌ಎಸ್‌ಎಯಿಂದ ಕಟ್ಟಿದರೆ ಅದಕ್ಕೆ ತೆರಿಗೆ ಮತ್ತು ಶೇ. 20 ದಂಡ. ಅದರ ಬದಲು ಮಗಳೇ ಸ್ವಂತ ಎಚ್‌ಎಸ್‌ಎ ತೆರೆಯಬಹುದು. ಕುಟುಂಬದ ಎಚ್‌ಎಸ್‌ಎ ಅರ್ಹ ಯೋಜನೆಯಲ್ಲಿದ್ದರೆ 2025ಕ್ಕೆ 8,550 ಡಾಲರ್‌ವರೆಗೆ ಅವಳೇ ಹಾಕಬಹುದು, ಅಪ್ಪನ ಮಿತಿಗೆ ಅದು ಸೇರುವುದಿಲ್ಲ. ಬಹಳ ಮನೆಗಳು ಬಳಸದೆ ಬಿಟ್ಟ ಅವಕಾಶ ಇದು.

ಕಾಲೇಜು ನೆರವಿಗೆ ಹಾಕುವ ಎಫ್‌ಎಎಫ್‌ಎಸ್‌ಎ ಅರ್ಜಿಯ ‘ಡಿಪೆಂಡೆಂಟ್’ ಬೇರೆಯೇ ವ್ಯಾಖ್ಯಾನ. ತೆರಿಗೆಯಲ್ಲಿ ಬಿಟ್ಟುಕೊಟ್ಟ ಮಾತ್ರಕ್ಕೆ ಮಗ ಅಲ್ಲಿ ಸ್ವತಂತ್ರನಾಗುವುದಿಲ್ಲ, ಹೆಚ್ಚು ನೆರವೂ ಬರುವುದಿಲ್ಲ. ವಿಚ್ಛೇದಿತ ದಂಪತಿ ಫಾರ್ಮ್ 8332 ಸಹಿ ಮಾಡಿಕೊಂಡು ಹಕ್ಕನ್ನು ಹಸ್ತಾಂತರಿಸುವುದು ಮಗು ಕಾನೂನಿನ ಪ್ರಕಾರ ಒಬ್ಬರ ಸುಪರ್ದಿಯಲ್ಲಿ ಇರುವವರೆಗೆ ಮಾತ್ರ. ಪ್ರಾಯಕ್ಕೆ ಬಂದ ಮೇಲೆ ಮಗು ಯಾರ ಮನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇತ್ತು ಎಂಬುದೇ ನಿರ್ಣಾಯಕ.

ರಾಜ್ಯದ ತೆರಿಗೆಯನ್ನೂ ತೂಗಿ ನೋಡಬೇಕು. ಕ್ಯಾಲಿಫೋರ್ನಿಯಾದಲ್ಲಿ 2024ಕ್ಕೆ ಪ್ರತಿ ಡಿಪೆಂಡೆಂಟ್‌ಗೆ 461 ಡಾಲರ್ ಕ್ರೆಡಿಟ್ ಇತ್ತು, ಹೆಚ್ಚಿನ ಆದಾಯದವರಿಗೆ ಅದೂ ಕರಗುತ್ತದೆ. ನ್ಯೂಜೆರ್ಸಿಯಲ್ಲಿ 1,500ರ ವಿನಾಯಿತಿಯ ಜೊತೆಗೆ, 22 ತುಂಬದ ಪೂರ್ಣಾವಧಿ ಕಾಲೇಜು ವಿದ್ಯಾರ್ಥಿಗೆ ಇನ್ನೂ 1,000. ಟೆಕ್ಸಸ್‌ನಲ್ಲಿ ಆ ಪ್ರಶ್ನೆಯೇ ಇಲ್ಲ. ಆದ್ದರಿಂದ ಕ್ಯಾಲಿಫೋರ್ನಿಯಾದ ಮನೆಯಲ್ಲಿ ಬಿಟ್ಟುಕೊಡುವ ಬೆಲೆ 500 ಅಲ್ಲ, ಸಾವಿರದ ಹತ್ತಿರ. ಮೇಲೆ ಹೇಳಿದ 20,750ರ ಗೆರೆ ಅಲ್ಲಿ ಇಪ್ಪತ್ತೈದು ಸಾವಿರದ ಆಸುಪಾಸಿಗೆ ಜಾರುತ್ತದೆ.

ತಪ್ಪಾದ ಮೇಲೆ

ರಿಟರ್ನ್ ವಾಪಸ್ ಬಂದರೆ ಮೊದಲು ನೋಡಬೇಕಾದ್ದು ಮಗನ ರಿಟರ್ನ್‌ನ ಪಿಡಿಎಫ್, ಅಂದರೆ ಫಾರ್ಮ್ 1040ರಲ್ಲಿ ‘ಬೇರೆಯವರು ಡಿಪೆಂಡೆಂಟ್ ಎಂದು ತೋರಿಸಬಹುದು’ ಎಂಬ ಆ ಒಂದು ಚೌಕ. ಮಗ ತಪ್ಪು ಒತ್ತಿದ್ದರೆ ಅವನು ತಿದ್ದುಪಡಿ ರಿಟರ್ನ್ ಆದ 1040-ಎಕ್ಸ್ ಸಲ್ಲಿಸಿ ತಿದ್ದಬೇಕು. ಇದನ್ನೂ ಈಗ ಇ-ಫೈಲ್ ಮಾಡಬಹುದು. ಅವನಿಗಿದ್ದದ್ದು ಸಂಬಳ ಮಾತ್ರ, ಕ್ರೆಡಿಟ್ ಏನೂ ಕೇಳಿಲ್ಲವೆಂದರೆ ಅವನ ತೆರಿಗೆ ಒಂದು ಡಾಲರ್ ಕೂಡ ಬದಲಾಗುವುದಿಲ್ಲ, ತಿದ್ದುವುದು ಚೌಕವನ್ನಷ್ಟೇ. ಅದು ಮುಗಿಯುವ ತನಕ ಅಪ್ಪ-ಅಮ್ಮ ಕಾಯಬೇಕಿಲ್ಲ. ಹಿಂದೆ ಕಾಗದದಲ್ಲಿ ಕಳಿಸುವುದೊಂದೇ ದಾರಿಯಾಗಿತ್ತು. 2025ರಿಂದ ಐಆರ್‌ಎಸ್, ರಿಟರ್ನ್‌ನ ಮೊದಲ ಹೆಸರಿನವರ ಐಪಿ ಪಿನ್ (ಗುರುತು ಖಚಿತಪಡಿಸುವ ಗುಪ್ತ ಸಂಖ್ಯೆ) ಇದ್ದರೆ, ಡಿಪೆಂಡೆಂಟ್ ಆಗಲೇ ಬೇರೆಡೆ ಕ್ಲೇಮ್ ಆಗಿದ್ದರೂ ಎರಡನೇ ರಿಟರ್ನ್ ಅನ್ನು ಇ-ಫೈಲ್‌ನಲ್ಲೇ ಸ್ವೀಕರಿಸುತ್ತದೆ. ಆರು ಅಂಕಿಯ ಈ ಪಿನ್ ಐಆರ್‌ಎಸ್‌ನ ಆನ್‌ಲೈನ್ ಖಾತೆಯಲ್ಲಿ ಸಿಗುತ್ತದೆ, ಪ್ರತಿ ವರ್ಷ ಬದಲಾಗುತ್ತದೆ. ಏಪ್ರಿಲ್ 14ರ ರಾತ್ರಿ ಆ ಖಾತೆಯ ಗುರುತು ಪರಿಶೀಲನೆಯಲ್ಲಿ ಸಿಕ್ಕಿಕೊಳ್ಳುವ ಬದಲು ಜನವರಿಯಲ್ಲೇ ತೆಗೆದಿಟ್ಟುಕೊಳ್ಳಿ.

ಒಂದೇ ಮಗುವನ್ನು ಇಬ್ಬರು ತೋರಿಸಿದರೆ ಕೆಲವು ತಿಂಗಳ ನಂತರ ಸಿಪಿ87ಎ ಎಂಬ ನೋಟಿಸ್ ಇಬ್ಬರಿಗೂ ಹೋಗುತ್ತದೆ. ನಿಮ್ಮದು ಸರಿಯಿದ್ದರೆ ಏನೂ ಮಾಡಬೇಕಿಲ್ಲ, ತಪ್ಪಿದ್ದರೆ ತಿದ್ದಿ ಎಂಬುದು ಅದರ ಸಾರ. ಯಾರೂ ತಿದ್ದದಿದ್ದರೆ ತಪಾಸಣೆಗೆ ಬರುತ್ತದೆ. ಆಗ ಕೇಳುವುದು ಕಾಲೇಜಿನ ರಿಜಿಸ್ಟ್ರಾರ್ ಕೊಡುವ ದಾಖಲಾತಿ ಪತ್ರ, ಮನೆಯ ವಿಳಾಸವಿರುವ ಕಾಗದ, ಫೀಸು-ಬಾಡಿಗೆಯ ರಸೀತಿ. ಲೆಕ್ಕಿಸದೆ ಸುಳ್ಳು ಕ್ಲೇಮ್ ಮಾಡಿದ್ದಾರೆ ಎಂದು ಸಾಬೀತಾದರೆ ಎರಡು ವರ್ಷ, ವಂಚನೆಯಾದರೆ ಹತ್ತು ವರ್ಷ ಆ ಕ್ರೆಡಿಟ್‌ಗೆ ನಿಷೇಧ.

ಮಗ ಪದವಿ ಮುಗಿಸಿದ ತಿಂಗಳಲ್ಲೇ ಅಪ್ಪ-ಅಮ್ಮ ತಮ್ಮ ಕಂಪನಿಗೆ ಹೊಸ ಡಬ್ಲ್ಯೂ-4 (ಸಂಬಳದಲ್ಲಿ ಎಷ್ಟು ತೆರಿಗೆ ಹಿಡಿಯಬೇಕೆಂದು ತಿಳಿಸುವ ಫಾರ್ಮ್) ಕೊಡಬೇಕು. ಅದರ ಮೂರನೇ ಹಂತದಲ್ಲಿ ಅವನ ಹೆಸರಿಗೆ ಹಾಕಿದ್ದ 500 ತೆಗೆಯದಿದ್ದರೆ, ವರ್ಷವಿಡೀ ಸಂಬಳದಲ್ಲಿ ಕಡಿಮೆ ಹಿಡಿದ ಅಷ್ಟು ಹಣವನ್ನು ಮುಂದಿನ ಏಪ್ರಿಲ್‌ನಲ್ಲಿ ಒಟ್ಟಿಗೆ ಕಟ್ಟಬೇಕಾಗುತ್ತದೆ.